ಕೀಲಿಂಗ್ ನೆನಪಿನ ಉಪನ್ಯಾಸ: ಅವರ ಕೈಕೆಲಸ ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ: ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಅಳೆದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ (1928–2005) ಬಗ್ಗೆ ಪಿಯುಸಿ ಮಕ್ಕಳಿಗೆ ಅರ್ಧ ಗಂಟೆ ಮಾತಾಡಬೇಕು. ಬರೀ ಗ್ರಾಫ್ ಹಾಕಿದರೆ ಸಪ್ಪೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಅವರು ಗಾಳಿಯ ಮಾದರಿ ಹಿಡಿಯುತ್ತಿದ್ದ ಗಾಜಿನ ಬುರುಡೆಯಿಂದ, ಮೇಡಂ. ಐದು ಲೀಟರಿನದು, ಒಳಗಿನ ಗಾಳಿಯನ್ನೆಲ್ಲ ಮೊದಲೇ ಹೊರತೆಗೆದಿರುತ್ತೆ. ಗಾಳಿ ಬೀಸುವ ದಿಕ್ಕಿಗೆ ಮುಖಮಾಡಿ, ಉಸಿರು ಬಿಗಿಹಿಡಿದು ಬಿರಡೆ ತಿರುಗಿಸಬೇಕು. ಗಾಳಿ ತಾನೇ ನುಗ್ಗುತ್ತೆ. ನಾವು ಬಿಡುವ ಉಸಿರಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 4%, ಹೊರಗೆ 0.04%. ಒಂದು ಉಸಿರು ತಾಗಿದರೂ ಮಾದರಿ ಕೆಟ್ಟಿತು.

ಉತ್ತರ 2: 0.04 ಇವತ್ತಿನದು. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿ ಬೆಟ್ಟದಲ್ಲಿ 1958ರ ಮಾರ್ಚ್‌ನ ಮೊದಲ ಅಳತೆ 313 ಪಿಪಿಎಂ (ಹತ್ತು ಲಕ್ಷದಲ್ಲಿ 313 ಪಾಲು), ಅಂದರೆ 0.0313%. ಅಲ್ಲಿ ಬುರುಡೆಯ ಜತೆಗೆ, ಇಂಗಾಲದ ಡೈಆಕ್ಸೈಡ್ ಎಷ್ಟು ಇನ್‌ಫ್ರಾರೆಡ್ ಕಿರಣ ಹೀರುತ್ತೆ ಅನ್ನೋದರಿಂದ ಅದರ ಪ್ರಮಾಣ ಅಳೆಯುವ ಯಂತ್ರವೂ ಇತ್ತು. ನೀರಾವಿಯೂ ಇನ್‌ಫ್ರಾರೆಡ್ ಹೀರುವುದರಿಂದ ಗಾಳಿಯನ್ನು ಅತಿ ತಣ್ಣಗಿಟ್ಟ ಕೊಳವೆಯಲ್ಲಿ ಹಾಯಿಸಿ ತೇವ ಹೆಪ್ಪುಗಟ್ಟಿಸುತ್ತಿದ್ದರು. ಯಂತ್ರದ ಓದು ಮೆಲ್ಲಗೆ ಜಾರುತ್ತೆ, ಅದಕ್ಕೇ ಪ್ರಮಾಣ ಗೊತ್ತಿರುವ ಅನಿಲವನ್ನು ಆಗಾಗ ಹರಿಸಿ ತಾಳೆ ನೋಡಬೇಕು. ಕೀಲಿಂಗ್ ಅವರ ಹಟವೆಲ್ಲ ಇಲ್ಲೇ ಇದ್ದದ್ದು.

ಉತ್ತರ 3: ಬೆಟ್ಟದಲ್ಲಿ ರಾತ್ರಿಯ ಇಳಿಗಾಳಿ ಜ್ವಾಲಾಮುಖಿಯ ಅನಿಲ ತರುತ್ತೆ, ಯಂತ್ರ ಕಾಗದದ ಮೇಲೆ ಎಳೆಯುವ ಗೆರೆ ಕುಣಿಯುತ್ತೆ. ಮಧ್ಯಾಹ್ನದ ಏರುಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕೆಳಗಿನ ಗಿಡಮರ ಒಂದಿಷ್ಟು ಹೀರಿಕೊಂಡಿರುತ್ತೆ, ಓದು ಕಡಿಮೆ. ಗೆರೆ ನೆಟ್ಟಗಿದ್ದ ಗಂಟೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅಂದಹಾಗೆ, ಕೀಲಿಂಗ್ ಇದ್ದ ಕ್ಯಾಲಿಫೋರ್ನಿಯಾದ ಸಾಗರ ಸಂಶೋಧನಾ ಸಂಸ್ಥೆ ಸ್ಕ್ರಿಪ್ಸ್‌ನಲ್ಲಿ ಈಗ ಆ ಕೆಲಸ ನಡೆಸುತ್ತಿರುವವರು ಮಗ ರಾಲ್ಫ್ ಕೀಲಿಂಗ್.