ಫೈನಾನ್ಸ್‌ನವರೇ ಇಟ್ಟುಕೊಂಡ ಆರ್ಬಿಟ್ರೇಟರ್ ಕೊಟ್ಟ ಅವಾರ್ಡ್ ನಿಲ್ಲುತ್ತದಾ?

ಪ್ರಶ್ನೆ:
ನಮ್ಮಣ್ಣ ದಾವಣಗೆರೆಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಏಳು ಕಂತು ಬಾಕಿಯಾಯ್ತು, ಫೈನಾನ್ಸ್‌ನವರು ಗಾಡಿ ಎಳೆದುಕೊಂಡು ಹೋದರು. ಆಮೇಲೆ ಚೆನ್ನೈಯಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಆರ್ಬಿಟ್ರೇಟರ್ (ಕೋರ್ಟಿನ ಬದಲು ಜಗಳ ತೀರ್ಮಾನ ಮಾಡುವವರು) ಯಾರು ಅಂತ ಅದರಲ್ಲೇ ಅಚ್ಚಾಗಿತ್ತು. ಅಣ್ಣನಿಗೆ ಓದಕ್ಕೆ ಬರಲ್ಲ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟರು. ಹೋದ ವಾರ ಅವಾರ್ಡ್, ಅಂದರೆ ಅವರ ತೀರ್ಪು, ಬಂದಿದೆ. ಬಡ್ಡಿ ಸೇರಿ 3,86,000 ರೂಪಾಯಿ! ಗಾಡಿ ಮಾರಿದ ದುಡ್ಡು ಎಷ್ಟು ಅಂತ ಎಲ್ಲೂ ಬರೆದಿಲ್ಲ. ‘ಸಹಿ ಹಾಕಿದ್ದೀರಲ್ಲ, ಕಟ್ಟಿ’ ಅಂತಾರೆ. ಅಷ್ಟೇನಾ?

ಉತ್ತರ 1:
ನಮ್ಮ ಮಾವನಿಗೂ ಹೀಗೇ ಬಂದಿತ್ತು. ಹೆದರಿ ಒಪ್ಪಂದ ಮಾಡಿಕೊಂಡು ಕಟ್ಟಿದರು. ನೀವು ಮೊದಲು ವಕೀಲರನ್ನು ನೋಡಿ.

ಉತ್ತರ 2:
ಅಷ್ಟೇ ಅಲ್ಲ ತಮ್ಮಾ. ನಾನು ವಕೀಲಿ ಮಾಡುವವನು, ಇಂಥ ಕಾಗದ ಹಿಡಿದು ಬರುವವರನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಜಗಳದಲ್ಲಿ ಒಬ್ಬರಾದವರು ತಾವೇ ಒಬ್ಬ ಪಂಚನನ್ನು ಕೂರಿಸುವ ಹಾಗಿಲ್ಲ. 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2023ರಲ್ಲಿ ಕಲ್ಕತ್ತಾ ಹೈಕೋರ್ಟ್ ಮುಂದೆ ಒಂದು ಫೈನಾನ್ಸ್ ಕಂಪನಿ ಇಂಥದ್ದೇ ಅವಾರ್ಡ್ ಹಿಡಿದು ಅಮಲ್ಜಾರಿಗೆ, ಅಂದರೆ ಕೋರ್ಟ್ ಮೂಲಕ ವಸೂಲಿಗೆ, ಹೋಗಿತ್ತು. ಅವಾರ್ಡ್‌ಗೆ ಬೆಲೆಯೇ ಇಲ್ಲ ಅಂತ ಕೋರ್ಟ್ ಅರ್ಜಿ ತಳ್ಳಿಹಾಕಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕಲ್ಲ, ಆದರೆ ವಾದಕ್ಕೆ ಗಟ್ಟಿ ಆಧಾರ.

ಲೋನ್ ಪತ್ರದ ಸಹಿ ಇಲ್ಲಿ ಸಾಲದು. ತಕರಾರು ಎದ್ದ ಮೇಲೆ ‘ಇವರೇ ಆಗಲಿ’ ಅಂತ ಅಣ್ಣ ಬರೆದುಕೊಟ್ಟಿದ್ದರೆ ಮಾತ್ರ ಕಷ್ಟ. ಆರ್ಬಿಟ್ರೇಷನ್ ಕಾಯ್ದೆಯ 12(5) ಕಲಂ ಹೇಳುವುದು ಇದನ್ನೇ.

ಈಗ ಮುಖ್ಯ ವಿಷಯ ದಿನದ ಲೆಕ್ಕ. ಅವಾರ್ಡ್ ಕೈಗೆ ಬಂದ ದಿನದಿಂದ 3 ತಿಂಗಳೊಳಗೆ ಅದನ್ನು ರದ್ದು ಮಾಡಿ ಅಂತ ಕೋರ್ಟಿಗೆ ಅದೇ ಕಾಯ್ದೆಯ 34ನೇ ಕಲಂ ಅರ್ಜಿ ಹಾಕಬೇಕು. ಸರಿಯಾದ ಕಾರಣ ಇದ್ದರೆ ಕೋರ್ಟ್ ಇನ್ನು 30 ದಿನ ಕೊಡಬಹುದು, ಅದರಾಚೆ ಒಂದು ದಿನವೂ ಇಲ್ಲ. ಕರಾರಿನಲ್ಲಿ ಆರ್ಬಿಟ್ರೇಷನ್ ಜಾಗ ಚೆನ್ನೈ ಅಂತಿದ್ದರೆ ಅಲ್ಲೇ ಹಾಕಬೇಕಾಗಬಹುದು. ದೂರ, ಖರ್ಚು ಜಾಸ್ತಿ, ಗೊತ್ತು. ಹಾಗಂತ ಸುಮ್ನೆ ಕೂರಬೇಡಿ. ಅವರು ದಾವಣಗೆರೆಯಲ್ಲಿ ಅಮಲ್ಜಾರಿ ಹಾಕಿದರೆ ಅಲ್ಲೂ ಇದೇ ಆಕ್ಷೇಪ ಎತ್ತಬಹುದು.

ಒಂದು ಮಾತು ಮುಚ್ಚಿಡಲ್ಲ. ಅವಾರ್ಡ್ ಬಿದ್ದರೂ ಸಾಲ ಹೋಗಲ್ಲ. ಹೊಸ ಆರ್ಬಿಟ್ರೇಟರ್ ಮುಂದೆ ಕಂಪನಿ ಮತ್ತೆ ಬರಬಹುದು. ಆಗ ಗಾಡಿ ಎಷ್ಟಕ್ಕೆ ಹೋಯ್ತು ಅಂತ ಲೆಕ್ಕ ಕೇಳಿ.

ಬಂದ ದಿನ ತೋರಿಸಲು ಅವಾರ್ಡಿನ ಕವರ್ ಬೇಕು, ಬಿಸಾಡಿಲ್ಲ ಅಲ್ವಾ?

ಪ್ರಶ್ನೆ ಕೇಳಿದವರು:
ಇಲ್ಲ ಸರ್, ಇದೆ. ಅಂಚೆ ಮುದ್ರೆ ಅರ್ಧ ಅಳಿಸಿದೆ, ಆದರೆ ಪೋಸ್ಟ್‌ಮ್ಯಾನ್ ಪೆನ್ನಿನಲ್ಲಿ ಬರೆದ ತಾರೀಖು ಕಾಣುತ್ತೆ. ನಾಳೆ ಬೆಳಿಗ್ಗೆ ಎರಡೂ ಕಾಗದ ತಗೊಂಡು ಕೋರ್ಟ್ ಹತ್ತಿರ ಹೋಗ್ತೀವಿ.