ವ್ಯಾಲೊರಂಟ್‌ಗೆ 240 ಹರ್ಟ್ಜ್ ಓಎಲ್‌ಇಡಿ ತಗೋಬಹುದಾ? ಊರು ಬಾಗಲಕೋಟೆ, ಕಿಟಕಿ ಪಶ್ಚಿಮಕ್ಕೆ

ನವನಗರ_ಡ್ಯುಯೆಲಿಸ್ಟ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಮಾನಿಟರ್ ಬದಲಾಯಿಸಬೇಕು ಅಂತ ಇದ್ದೀನಿ. ವಿಡಿಯೊ ನೋಡಿ ನೋಡಿ ತಲೆ ಕೆಟ್ಟು ಹೋಗಿದೆ.

ಈಗ ಇರೋದು 24 ಇಂಚಿನ 1080ಪಿ ಐಪಿಎಸ್ (ಎಲ್‌ಸಿಡಿಯದೇ ಒಂದು ಬಗೆ), 144 ಹರ್ಟ್ಜ್ (ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸುತ್ತೆ). ಆಡೋದು ಮುಕ್ಕಾಲು ಪಾಲು ವ್ಯಾಲೊರಂಟ್, ಆಗಾಗ ಸಿಎಸ್2, ಎರಡೂ ಆನ್‌ಲೈನ್ ಶೂಟಿಂಗ್ ಆಟ. ಪ್ರೊಸೆಸರ್ ರೈಜನ್ 5 5600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060. ರೇಂಜಿನಲ್ಲಿ (ಆಟದೊಳಗಿನ ಅಭ್ಯಾಸದ ಜಾಗ) 300 ಎಫ್‌ಪಿಎಸ್, ಅಂದ್ರೆ ಪಿಸಿ ಸೆಕೆಂಡಿಗೆ ಕೊಡೋ ಫ್ರೇಮು, ದಾಟುತ್ತದೆ. ಮ್ಯಾಚಿನಲ್ಲಿ ಸ್ಮೋಕು, ಫ್ಲ್ಯಾಶು ಎಲ್ಲ ಒಟ್ಟಿಗೆ ಬಿದ್ದರೆ 190ರ ಹತ್ತಿರ ಇಳಿಯುತ್ತದೆ.

ಬಜೆಟ್ 60 ಸಾವಿರ, ಅದರಾಚೆ ಅಪ್ಪ ಬಿಡಲ್ಲ. ನೋಡಿಟ್ಟಿರೋದು ಎರಡು. ಒಂದು 27 ಇಂಚಿನ 1440ಪಿ ಕ್ಯೂಡಿ-ಓಎಲ್‌ಇಡಿ (ಓಎಲ್‌ಇಡಿಯದೇ ಒಂದು ಬಗೆ), 240 ಹರ್ಟ್ಜ್. ಇನ್ನೊಂದು 24 ಇಂಚಿನ ಮಾಮೂಲಿ ಎಲ್‌ಸಿಡಿ, ಆದರೆ 360 ಹರ್ಟ್ಜ್.

ರೂಮು ಮೇಲಿನ ಮಹಡಿಯಲ್ಲಿದೆ, ಕಿಟಕಿ ಪಶ್ಚಿಮಕ್ಕೆ. ಏಪ್ರಿಲ್‌ನಲ್ಲಿ ಸ್ಲ್ಯಾಬು ಹೇಗೆ ಕಾಯುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಕರೆಂಟ್ ಹೋಗಿ ಬಂದು ಮಾಡುತ್ತೆ. ಇನ್ನೊಂದು ವಿಷಯ, ಹಗಲು ಇದೇ ಮಾನಿಟರಿನಲ್ಲಿ ನಮ್ಮ ದಲಾಲಿ ಅಂಗಡಿಯ ಲೆಕ್ಕ ನಡೆಯುತ್ತೆ. ಟ್ಯಾಲಿ ಬೆಳಿಗ್ಗೆಯಿಂದ ಸಂಜೆವರೆಗೂ ತೆರೆದೇ ಇರುತ್ತೆ.

ಗೊತ್ತಿರೋರು ಹೇಳಿ. ರ್‍ಯಾಂಕಿಗೆ ನಿಜವಾಗಿ ಉಪಯೋಗ ಆಗುತ್ತಾ, ಇಲ್ಲಾ ಬರೀ ಶೋಕಿನಾ?

ಪಿಂಗ್_ಮಾಸ್ತರ (ವಿಜಯಪುರ)

ಮೊದಲು ಒಂದು ಪ್ರಶ್ನೆ. ನೆಟ್ ವೈಫೈನಲ್ಲಿದೆಯಾ, ಕೇಬಲ್‌ನಲ್ಲಿದೆಯಾ? ವೈಫೈ ಅಂದ್ರೆ ಮಾನಿಟರ್ ಮಾತು ಇಲ್ಲಿಗೇ ಬಿಡಿ.

ಲೆಕ್ಕ ನೋಡಿ. 144 ಹರ್ಟ್ಜ್‌ನಲ್ಲಿ ಒಂದು ಫ್ರೇಮಿಗೆ 6.94 ಮಿಲಿಸೆಕೆಂಡ್. 240ರಲ್ಲಿ 4.17. ಉಳಿಯೋದು 3ಕ್ಕಿಂತಲೂ ಕಡಿಮೆ. ನಮಗೆ ಹತ್ತಿರದ ಸರ್ವರ್ ಮುಂಬೈಯದ್ದು. ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ರೀಲ್ಸ್ ತೆಗೆದರೆ ಸಾಕು, ವೈಫೈನಲ್ಲಿ ಪಿಂಗ್ (ಸರ್ವರಿಗೆ ಹೋಗಿ ಬರೋ ಹೊತ್ತು) ಅದರ ಎಷ್ಟೋ ಪಟ್ಟು ಕುಣಿಯುತ್ತೆ. ಕೆಲವು ನೂರು ರೂಪಾಯಿಯ ಕೇಬಲ್ ಎಳೆಸಿ, ಆಮೇಲೆ 60 ಸಾವಿರದ ಮಾತು. 144 ಏನೂ ಕೆಟ್ಟದ್ದಲ್ಲ.

ಟಿಳಕವಾಡಿ_ಕೆಫೆ (ಬೆಳಗಾವಿ)

ತಮ್ಮಾ, ನಾನು ಇಲ್ಲಿ ಟಿಳಕವಾಡಿಯಲ್ಲಿ ಸಣ್ಣದೊಂದು ಗೇಮಿಂಗ್ ಕೆಫೆ ನಡೆಸುತ್ತೇನೆ. ಒಳಗಿನ ಮೂಲೆಯ ಒಂದೇ ಒಂದು ಸೀಟಿಗೆ ನೀನು ಕೇಳಿದಂಥದ್ದೇ ಹಾಕಿದ್ದೇನೆ, 27 ಇಂಚಿನ ಕ್ಯೂಡಿ-ಓಎಲ್‌ಇಡಿ, 240 ಹರ್ಟ್ಜ್. ಉಳಿದದ್ದೆಲ್ಲ ಐಪಿಎಸ್. ಹುಡುಗರು ಆ ಸೀಟಿಗೇ ಜಗಳ ಆಡ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಬೇಕಾಗಿರೋದು ಬಣ್ಣ, ಅದು ಬಿಡು.

ಮಾಸ್ತರು ಕೊಟ್ಟ ಲೆಕ್ಕ ಸರಿ. ಕೇಬಲ್ ಎಳೆಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಲೆಕ್ಕ ಹಾಕಿದ್ದು ಚಿತ್ರ ಎಷ್ಟು ತಡವಾಗಿ ಬರುತ್ತೆ ಅನ್ನೋದನ್ನ. ಓಎಲ್‌ಇಡಿಗೆ ದುಡ್ಡು ಸುರಿಯೋದು ಮುಖ್ಯವಾಗಿ ಮಸುಕು ಕಡಿಮೆ ಆಗಲಿ ಅಂತ.

ಎಲ್‌ಸಿಡಿಯಲ್ಲಿ ಪಿಕ್ಸೆಲ್ ಬಣ್ಣ ಬದಲಾಯಿಸಬೇಕಾದರೆ ಒಳಗಿನ ಲಿಕ್ವಿಡ್ ಕ್ರಿಸ್ಟಲ್ ತಿರುಗಬೇಕು. ಅದಕ್ಕೆ ಹೊತ್ತು ಬೇಕು. ಡಬ್ಬಿಯ ಮೇಲೆ 1 ಮಿಲಿಸೆಕೆಂಡ್ ಅಂತ ಬರೆದಿರ್ತಾರೆ, ನಿಜದಲ್ಲಿ ಎಷ್ಟೋ ಬಣ್ಣಗಳ ನಡುವೆ ನಾಲ್ಕೈದು ಹಿಡಿಯುತ್ತೆ. ಒಂದು ಫ್ರೇಮ್ ಪೂರ್ತಿ ಮೂಡೋದರೊಳಗೆ ಮುಂದಿನದು ಬಂದು ಬಾಗಿಲು ತಟ್ಟುತ್ತೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿಯೋದು, ತಾನೇ ಆರೋದು. ಕಂಪನಿಗಳು 0.03 ಮಿಲಿಸೆಕೆಂಡ್ ಅಂತ ಹಾಕೋದು ಇದಕ್ಕೇ. ಆ ಅಂಕಿಯನ್ನು ಅಕ್ಷರಕ್ಕೆ ಅಕ್ಷರ ನಂಬಬೇಕಿಲ್ಲ, ಬಾಲ (ಹಿಂದಿನ ಫ್ರೇಮಿನ ನೆರಳು) ಇರಲ್ಲ ಅಂತ ಮಾತ್ರ ನಂಬಬಹುದು.

ಹಾಗಂತ ಮಸುಕು ಪೂರ್ತಿ ಹೋಗಲ್ಲ. ಒಂದು ಫ್ರೇಮ್ ಬಂದ ಮೇಲೆ ಮುಂದಿನದು ಬರೋವರೆಗೂ ಪರದೆಯ ಮೇಲೆ ಅಲ್ಲಾಡದೆ ನಿಂತಿರುತ್ತೆ. ನಿನ್ನ ಕಣ್ಣು ಮಾತ್ರ ಎದುರಾಳಿಯ ಹಿಂದೆ ಓಡ್ತಾ ಇರುತ್ತೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಏನಾದರೂ ಓಡಿದರೆ 120 ಹರ್ಟ್ಜ್‌ನಲ್ಲಿ 8 ಪಿಕ್ಸೆಲ್ ಮಸುಕು, 240ರಲ್ಲಿ 4, 480ರಲ್ಲಿ 2. ಎಲ್‌ಸಿಡಿ ಆದರೆ ಅದರ ಮೇಲೆ ತನ್ನ ಬಾಲವನ್ನೂ ಸೇರಿಸುತ್ತೆ. ಅದಕ್ಕೇ 240ರ ಓಎಲ್‌ಇಡಿ ನೋಡೋಕೆ 360ರ ಎಲ್‌ಸಿಡಿ ಹತ್ತಿರ ಬರುತ್ತೆ ಅನ್ನೋದು. ಇಲ್ಲಿ ನಿನ್ನ ಎಫ್‌ಪಿಎಸ್ ನೋಡು. ಗಲಾಟೆಯಲ್ಲಿ 190 ಅಂದ್ರೆ 360ರ ಮಾನಿಟರು ಅರ್ಧ ಖಾಲಿ ಓಡುತ್ತೆ. ನಿನ್ನ ಪಿಸಿಗೆ 360 ಈಗ ಬೇಡ.

ಅಂಗಡಿಗೆ ಹೋದರೆ ಹೇಗೆ ಪರೀಕ್ಷೆ ಮಾಡಬೇಕು ಹೇಳ್ತೀನಿ. ಅವರು ಹಾಕೋ ಮೀನು, ಹೂವಿನ ವಿಡಿಯೊ ನೋಡಬೇಡ, ಅದರಲ್ಲಿ ಎಲ್ಲ ಮಾನಿಟರೂ ಚೆಂದವೇ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 240 ಹಾಕಿದಾರಾ ನೋಡು, ಎಷ್ಟೋ ಕಡೆ 60ರಲ್ಲೇ ಇಟ್ಟು ಮಾರ್ತಾರೆ. ವ್ಯಾಲೊರಂಟ್ ತೆಗೆದು ರೇಂಜಿಗೆ ಹೋಗು. ಒಂದು ಬಾಟ್ (ಅಭ್ಯಾಸಕ್ಕೆ ನಿಲ್ಲಿಸಿರೋ ಗೊಂಬೆ) ಎದುರಿಗೆ ನಿಂತು ಎ, ಡಿ ಒತ್ತುತ್ತಾ ಆಚೀಚೆ ಓಡು. ಕ್ರಾಸ್‌ಹೇರ್ ಮೇಲಿನ ಕಣ್ಣು ತೆಗೆದು ಬಾಟ್‌ನ ತಲೆಯನ್ನು ಮಾತ್ರ ಹಿಂಬಾಲಿಸು. ಐಪಿಎಸ್‌ನಲ್ಲಿ ತಲೆಯ ಹಿಂದೆ ತೆಳ್ಳಗೆ ನೆರಳು ಎಳೆದುಕೊಂಡು ಬರುತ್ತೆ. ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗಲಿ ಅಂತ ಇರೋ ಸೆಟ್ಟಿಂಗ್) ಜಾಸ್ತಿ ಇಟ್ಟಿದ್ದರೆ ನೆರಳಿನ ಬದಲು ಬಿಳಿ ಅಂಚು ಕಾಣುತ್ತೆ. ನಮ್ಮ ಮೂಲೆ ಸೀಟಿನಲ್ಲಿ ತಲೆಗೂ ಕುತ್ತಿಗೆಗೂ ನಡುವಿನ ಗೆರೆ ಓಡುವಾಗಲೂ ಗೆರೆಯಾಗೇ ಉಳಿಯುತ್ತೆ. ಯಾರೋ ಅಡ್ಡ ಹಾಯುವಾಗ ಅವನ ತಲೆ ಎಲ್ಲಿದೆ ಅಂತ ಊಹೆ ಮಾಡೋದು ತಪ್ಪುತ್ತೆ. ನಿನಗೆ ಸಿಗೋ ಲಾಭ ಅಷ್ಟೇ. ಎಯಿಮ್ ಅದು ಕಲಿಸಲ್ಲ. ನಮ್ಮಲ್ಲಿ ಒಬ್ಬ ಹುಡುಗ ಹಳೇ 144ರ ಸೀಟಿನಲ್ಲಿ ಕೂತು, ಮೂಲೆ ಸೀಟಿನವನನ್ನು ದಿನಾ ಹೊಡೀತಾನೆ.

ಈಗ ನಿನ್ನ ರೂಮಿಗೆ ಬರೋಣ. ನನಗೆ ಚಿಂತೆ ಇರೋದು ಅಲ್ಲೇ.

ಪಶ್ಚಿಮದ ಕಿಟಕಿ. ಕ್ಯೂಡಿ-ಓಎಲ್‌ಇಡಿಗೆ ಮುಂದೆ ಹೊರಗಿನ ಬೆಳಕಿನ ಪ್ರತಿಫಲನ ತಡೆಯೋ ಪೋಲರೈಸರ್ ಪದರ ಇರಲ್ಲ. ಹೊರಗಿನ ಬೆಳಕು ಬಿದ್ದರೆ ಕಪ್ಪು ಕಪ್ಪಾಗಿ ಉಳಿಯಲ್ಲ, ನೇರಳೆ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗುತ್ತೆ. ಯಾವ ಕಪ್ಪಿಗೆ ದುಡ್ಡು ಕೊಟ್ಟೆಯೋ ಅದೇ ಮಾಯ. ಎಲ್‌ಜಿ ಪ್ಯಾನೆಲ್‌ನ ಡಬ್ಲ್ಯೂಓಎಲ್‌ಇಡಿ (ಓಎಲ್‌ಇಡಿಯ ಇನ್ನೊಂದು ಬಗೆ) ಆದರೆ ಬೆಳಕಿನಲ್ಲಿ ಕಪ್ಪನ್ನು ಇನ್ನೂ ಚೆನ್ನಾಗಿ ಹಿಡಿಯುತ್ತೆ. ನಮ್ಮ ಮೂಲೆಗೆ ಕಿಟಕಿಯೇ ಇಲ್ಲ, ಬದುಕಿದೆ. ನೀನು ಕಿಟಕಿಗೆ ದಪ್ಪ ಕರ್ಟನ್ ಹಾಕಬೇಕು, ಇಲ್ಲಾ ಕಿಟಕಿಗೆ ಬೆನ್ನು ಕೊಡದ ಹಾಗೆ ಮೇಜು ತಿರುಗಿಸಬೇಕು.

ಟ್ಯಾಲಿ. ದೇವರಾಣೆ ಬೇಡ. ದಿನವಿಡೀ ಒಂದೇ ಜಾಗದಲ್ಲಿ ಒಂದೇ ಗೆರೆ, ಕೆಳಗೆ ಟಾಸ್ಕ್‌ಬಾರ್. ಆ ಪಿಕ್ಸೆಲ್‌ಗಳು ಉಳಿದವಕ್ಕಿಂತ ಬೇಗ ಸವೆದು, ಆಟದ ಮಧ್ಯೆ ಲೆಜರ್ ಕಾಣಿಸಿಕೊಳ್ಳುತ್ತೆ. ಬ್ರೈಟ್‌ನೆಸ್ ಜಾಸ್ತಿ ಇದ್ದಷ್ಟೂ, ಬಿಸಿ ಜಾಸ್ತಿ ಇದ್ದಷ್ಟೂ ಸವೆತ ಜಾಸ್ತಿ. ನಿಮ್ಮೂರಲ್ಲಿ ಎರಡೂ ಬೇಕಾದಷ್ಟಿದೆ. ನಮ್ಮ ಕೆಫೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಪರದೆಯ ಮೂಲೆಯಲ್ಲಿ ಉಳಿದ ನಿಮಿಷ ತೋರಿಸ್ತಾ ಇರುತ್ತೆ. ಓಎಲ್‌ಇಡಿ ಸೀಟಿನಲ್ಲಿ ಮಾತ್ರ ಅದನ್ನು ಬಚ್ಚಿಟ್ಟಿದ್ದೇನೆ. ಟೈಮ್ ಮುಗಿದರೆ ಹೆಗಲು ತಟ್ಟಿ ಹೇಳ್ತೀನಿ.

ಇನ್ನು ಕರೆಂಟ್. ಇದನ್ನು ಯಾವ ವಿಡಿಯೊದಲ್ಲೂ ನಮ್ಮ ಮನೆಗಳ ಹಾಗೆ ಯೋಚಿಸಿ ಹೇಳಲ್ಲ. ಓಎಲ್‌ಇಡಿ ಮಾನಿಟರು ಸಾಮಾನ್ಯವಾಗಿ ನಾಲ್ಕು ಗಂಟೆ ಓಡಿದ ಮೇಲೆ ಪಿಕ್ಸೆಲ್ ರಿಫ್ರೆಶ್ (ಪಿಕ್ಸೆಲ್‌ಗಳ ಸವೆತ ಸರಿದೂಗಿಸೋ ಕೆಲಸ) ಕೇಳುತ್ತೆ. ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಕೆಲವು ನಿಮಿಷದಲ್ಲಿ ತಾನೇ ಮಾಡಿಕೊಳ್ಳುತ್ತೆ. ಆಗ ಗೋಡೆಯ ಬೋರ್ಡಿನಲ್ಲಿ ಕರೆಂಟ್ ಇರಲೇಬೇಕು. ನಾವೋ, ಆಟ ಮುಗೀತು ಅಂದ ತಕ್ಷಣ ಬೋರ್ಡ್ ಸ್ವಿಚ್ ಟಪ್ ಅಂತ ಆರಿಸೋ ಜನ. ಹಾಗೆ ಮಾಡಿದರೆ ಆ ಕೆಲಸ ಯಾವತ್ತೂ ಆಗಲ್ಲ. ನಾನು ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ್ದೇನೆ. ಪಿಸಿಗೆ ಯುಪಿಎಸ್ ಇದ್ದರೆ ಮಾನಿಟರನ್ನೂ ಅದಕ್ಕೇ ಹಾಕು.

ವಾರಂಟಿ ಕಾಗದದಲ್ಲಿ ಬರ್ನ್-ಇನ್ (ಪಿಕ್ಸೆಲ್ ಸವೆದು ಅಚ್ಚು ಉಳಿಯೋದು) ಅನ್ನೋ ಪದ ಇದೆಯಾ ಓದು. ಬರೀ ಮೂರು ವರ್ಷ ಅಂತಿದ್ದರೆ ಸಾಲದು. ಬಾಗಲಕೋಟೆಗೆ ಬಂದು ತಗೊಂಡು ಹೋಗ್ತಾರಾ, ಇಲ್ಲಾ ನೀನೇ ಡಬ್ಬಿ ಹೊತ್ತು ಹುಬ್ಬಳ್ಳಿಗೆ ಹೋಗಬೇಕಾ, ಅದನ್ನೂ ಕೊಳ್ಳೋ ಮೊದಲೇ ಕೇಳು.

ಜಮಖಂಡಿ_ಡಿಟಿಪಿ

ಕೆಫೆ ಅಣ್ಣನವರು ಬಿಟ್ಟಿದ್ದು ಒಂದಿದೆ, ಅಕ್ಷರ. ನಾನು ಲಗ್ನಪತ್ರಿಕೆ, ಪಾಂಪ್ಲೆಟ್ ಮಾಡೋನು. ಗೆಳೆಯನ ಕ್ಯೂಡಿ-ಓಎಲ್‌ಇಡಿಯಲ್ಲಿ ಒಂದು ಸಂಜೆ ಕೂತು ಕೆಲಸ ಮಾಡಿದೆ. ಇದರ ಕೆಂಪು, ಹಸಿರು, ನೀಲಿ ಚುಕ್ಕೆಗಳು ಸಾಲಾಗಿ ಇಲ್ಲ, ತ್ರಿಕೋನದಲ್ಲಿವೆ. ವಿಂಡೋಸ್ ಅಕ್ಷರ ಬಿಡಿಸೋದು ಸಾಲಿನ ಲೆಕ್ಕದಲ್ಲಿ. ಅದಕ್ಕೆ ಅಕ್ಷರದ ಮೇಲಂಚಿಗೆ ಒಂದು ಬಣ್ಣ, ಕೆಳಗಂಚಿಗೆ ಇನ್ನೊಂದು ಬಣ್ಣ ಒಸರಿದ ಹಾಗೆ ಕಾಣುತ್ತೆ. ಇಂಗ್ಲಿಷಿಗಿಂತ ನಮಗೆ ಕಾಟ ಜಾಸ್ತಿ, ತಲೆಕಟ್ಟು ಮೇಲೆ, ಒತ್ತಕ್ಷರ ಕೆಳಗೆ, ಅಡ್ಡ ಅಂಚುಗಳೇ ಜಾಸ್ತಿ. ಸಣ್ಣ ಸೈಜಿನಲ್ಲಿ 'ಸ್ತ್ರೀ', 'ಲಕ್ಷ್ಮೀ' ಟೈಪ್ ಮಾಡಿ ಹತ್ತಿರದಿಂದ ನೋಡಿ, ಗೊತ್ತಾಗುತ್ತೆ.

ಆಟಕ್ಕೆ ಇದು ಲೆಕ್ಕಕ್ಕೇ ಬರಲ್ಲ. 27 ಇಂಚಿನ 1440ಪಿ ಅಂದ್ರೆ ಇಂಚಿಗೆ ಸುಮಾರು 109 ಪಿಕ್ಸೆಲ್, ನಿಮ್ಮ ಈಗಿನದರಲ್ಲಿ ಸುಮಾರು 92. ದೂರದ ತಲೆ ಇನ್ನೂ ಸ್ಪಷ್ಟವಾಗೇ ಕಾಣುತ್ತೆ.

ಹಾಂ, ಧೂಳು. ಒದ್ದೆ ಬಟ್ಟೆ, ಗಾಜು ಒರೆಸೋ ಸ್ಪ್ರೇ ಹತ್ತಿರ ಬರಬಾರದು. ಈ ಪ್ಯಾನೆಲ್‌ಗಳ ಮೇಲಿನ ಲೇಪ ಬೇಗ ಗೀರುತ್ತೆ. ಒಣ ಮೈಕ್ರೋಫೈಬರ್ ಮಾತ್ರ.

ನವನಗರ_ಡ್ಯುಯೆಲಿಸ್ಟ್

ಎಲ್ಲರಿಗೂ ಥ್ಯಾಂಕ್ಸ್. ಮಾಸ್ತರೇ, ನೆಟ್ ವೈಫೈನಲ್ಲೇ ಇತ್ತು, ಕೇಬಲಿನವನಿಗೆ ಹೇಳಿದ್ದೀನಿ.

ಕೆಫೆ ಅಣ್ಣಾ, ನಮ್ಮಮ್ಮ ರಾತ್ರಿ ಮಲಗೋ ಮುಂಚೆ ಮನೆಯ ಎಲ್ಲಾ ಬೋರ್ಡ್ ಸ್ವಿಚ್ ಆರಿಸಿಯೇ ಮಲಗೋದು. ನಿಮ್ಮ ಟೇಪಿನ ಐಡಿಯಾ ನಮ್ಮನೇಲಿ ನಡೆಯುತ್ತಾ ನೋಡಬೇಕು!

ಹಳೇ ಮಾನಿಟರ್ ಮಾರಿ ಆ ದುಡ್ಡೂ ಸೇರಿಸೋಣ ಅಂತಿದ್ದೆ. ಹಾಗಾದ್ರೆ ಮಾರಬಾರದಾ? ಇನ್ನೊಂದು, ಮಿನುಗುತ್ತೆ ಅಂತ ಕೆಲವರು ಬರೆದಿದ್ದಾರೆ. ನಿಜಾನಾ? ಈಗಿರೋ ಎಚ್‌ಡಿಎಂಐ ಕೇಬಲ್ ನಡೆಯುತ್ತಾ?

ಟಿಳಕವಾಡಿ_ಕೆಫೆ

ಮಾರಬೇಡ. ಹಳೇದು ಟ್ಯಾಲಿಗೆ, ಅಪ್ಪನಿಗೆ. ಹೊಸದು ಆಟಕ್ಕೆ ಮಾತ್ರ. ಮೇಜಿನಲ್ಲಿ ಎರಡಕ್ಕೂ ಜಾಗ ಇಲ್ಲದಿದ್ದರೆ ಓಎಲ್‌ಇಡಿ ಬಿಟ್ಟುಬಿಡು. ಕಡಿಮೆ ರೇಟಿನ 240ರ ಐಪಿಎಸ್ ತಗೊಂಡು, ಉಳಿದ ದುಡ್ಡನ್ನು ಪ್ರೊಸೆಸರಿಗೆ ಹಾಕು. ಒಂದೇ ಪರದೆಯಲ್ಲಿ ಲೆಕ್ಕವೂ ಆಟವೂ ಅನ್ನೋ ಮನೆಗೆ ಇದನ್ನು ನಾನು ಹೇಳಲ್ಲ.

ಮಿನುಗೋದು ನಿಜ. ಜಿ-ಸಿಂಕ್, ಫ್ರೀಸಿಂಕ್ (ಎಫ್‌ಪಿಎಸ್‌ಗೆ ತಕ್ಕ ಹಾಗೆ ಹರ್ಟ್ಜ್ ಬದಲಾಯಿಸೋ ಸೆಟ್ಟಿಂಗು) ಹಾಕಿದಾಗ ಎಫ್‌ಪಿಎಸ್ ಮೇಲೆ ಕೆಳಗೆ ಹಾರಿದರೆ ಬೂದು, ಕಪ್ಪು ಜಾಗಗಳ ಹೊಳಪು ಅಲುಗಾಡುತ್ತೆ. ಲೋಡಿಂಗ್ ಪರದೆಯಲ್ಲಿ, ಕತ್ತಲ ದೃಶ್ಯದಲ್ಲಿ ಕಣ್ಣಿಗೆ ಬೀಳುತ್ತೆ. ವ್ಯಾಲೊರಂಟ್ ಸೀಟುಗಳಲ್ಲಿ ನಾನು ಅದನ್ನು ಆಫ್ ಮಾಡಿಯೇ ಇಟ್ಟಿದ್ದೇನೆ. 240ರಲ್ಲಿ ಟೇರಿಂಗ್ (ಚಿತ್ರ ಅಡ್ಡಕ್ಕೆ ಹರಿದ ಹಾಗೆ ಕಾಣೋದು) ಹುಡುಕಿದರೂ ಕಷ್ಟಪಟ್ಟು ಸಿಗುತ್ತೆ. ಆಟದ ಸೆಟ್ಟಿಂಗಿನಲ್ಲಿ ತಡ ಕಡಿಮೆ ಮಾಡೋ ರಿಫ್ಲೆಕ್ಸ್ ಆನ್ ಮಾಡು, ಸಾಕು.

ಎಚ್‌ಡಿಎಂಐ ತೆಗೆದಿಡು. ಮಾನಿಟರಿನ ಪೋರ್ಟ್ 2.0 ಆಗಿದ್ದರೆ 1440ಪಿಯಲ್ಲಿ 144ಕ್ಕೇ ನಿಂತುಬಿಡುತ್ತೆ. ಡಬ್ಬಿಯೊಳಗೆ ಬರೋ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಹಾಕು.

ಪಿಂಗ್_ಮಾಸ್ತರ

ಮಸುಕು, ತಡ ಬೇರೆ ಬೇರೆ ಅನ್ನೋದು ಒಪ್ಪಿದೆ ಕೆಫೆಯವರೇ. ಆದರೂ 60 ಸಾವಿರ ಜಾಸ್ತಿಯೇ. ನಾನು 144ರಲ್ಲೇ ಇರ್ತೀನಿ.

ನವನಗರ_ಡ್ಯುಯೆಲಿಸ್ಟ್

ಅಣ್ಣಾ, ಇಲ್ಲಿ ಯಾವ ಅಂಗಡಿಯಲ್ಲೂ ಓಎಲ್‌ಇಡಿ ಹಚ್ಚಿಟ್ಟಿಲ್ಲ, ಆರ್ಡರ್ ಮಾಡಿದರೆ ತರಿಸ್ತೀವಿ ಅಂತಾರೆ. ಭಾನುವಾರ ನಿಮ್ಮ ಕೆಫೆಗೇ ಬಂದರೆ ಆ ಸೀಟು ಸಿಗುತ್ತಾ? ಲೋಕಾಪುರ, ಯರಗಟ್ಟಿ ಮೇಲೆ ಬೆಳಗಿನ ಬಸ್ಸಿಗೇ ಬರ್ತೀನಿ.

ಟಿಳಕವಾಡಿ_ಕೆಫೆ

ಬಾ. ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ ಇರುತ್ತೆ, ಸಂಜೆ ಬಂದರೆ ನಾನೂ ಕೊಡಿಸೋಕಾಗಲ್ಲ. ನಿನ್ನ ಮೌಸ್ ತಗೊಂಡು ಬಾ, ಡಿಪಿಐ, ಸೆನ್ಸ್ (ಮೌಸಿನ ವೇಗದ ಸೆಟ್ಟಿಂಗು) ಬರೆದಿಟ್ಟುಕೋ. ರೆಸಲ್ಯೂಶನ್ ಬದಲಾದರೂ ಆಟದೊಳಗೆ ಸೆನ್ಸ್ ಬದಲಾಗಲ್ಲ. 24ರಿಂದ 27ಕ್ಕೆ ಬರುವಾಗ ಕುರ್ಚಿ ಸ್ವಲ್ಪ ಹಿಂದೆ ಎಳೆದುಕೊಂಡು ಕೂರು, ಇಲ್ಲದಿದ್ದರೆ ಮ್ಯಾಪ್ ನೋಡೋಕೆ ಕತ್ತು ತಿರುಗಿಸಬೇಕಾಗುತ್ತೆ. ಮೊದಲು ಪಕ್ಕದ ಐಪಿಎಸ್ ಸೀಟಿನಲ್ಲಿ ಒಂದು ಡೆತ್‌ಮ್ಯಾಚ್ ಆಡು, ಆಮೇಲೆ ಮೂಲೆಗೆ ಬಾ. ಹೊರಗೆ ಮಿರ್ಚಿ ತಿಂದಿದ್ದರೆ ಕೈ ತೊಳೆದುಕೊಂಡು ಒಳಗೆ ಬಾ, ಪರದೆ ಮುಟ್ಟಿ ತೋರಿಸೋ ಚಟ ಎಲ್ಲ ಹುಡುಗರಿಗೂ ಇದೆ.