ಬೆನ್ನುಮೂಳೆ ಒತ್ತಿಸಿದರೆ ಮಗನ ಆಸ್ತಮಾ ಹೋಗುತ್ತಾ?

ಡೊಂಬಿವಲಿ ಅಮ್ಮ:
ಮಗನಿಗೆ 9 ವರ್ಷ. ಮಳೆ ಹಿಡಿದರೆ ಸಾಕು, ರಾತ್ರಿಯೆಲ್ಲ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್. ಡಾಕ್ಟರ್ ದಿನಾ ಎರಡು ಹೊತ್ತು ಪಂಪ್ ಕೊಟ್ಟಿದ್ದಾರೆ. ಇಲ್ಲೇ ಹತ್ತಿರದಲ್ಲಿ ಒಬ್ಬರು ಬೆನ್ನುಮೂಳೆ ಸರಿ ಮಾಡಿದರೆ ಪಂಪೇ ಬೇಡ ಅನ್ನುತ್ತಾರೆ. ಪ್ಯಾಕೇಜು ಅಂತೆ, ದುಡ್ಡು ಮೊದಲೇ ಕಟ್ಟಬೇಕು. ಮೂರನೇ ಮಹಡಿಯವರ ಮಗಳಿಗೆ ಗುಣ ಆಯ್ತಂತೆ. ಅದನ್ನು ಕೇಳಿದಾಗಿನಿಂದ ನಮ್ಮತ್ತೆ ಬಿಡುತ್ತಿಲ್ಲ. ಯಾರಾದರೂ ಮಾಡಿಸಿದ್ದೀರಾ?

ಕೊತ್ರೂಡ್ ಫಿಸಿಯೋ:
ಅಕ್ಕಾ, ಕೈಯಿಂದ ಒತ್ತಿ ತಟ್ಟಿ ಮಾಡುವುದೇ ನನ್ನ ಕಸುಬು. ಆದರೂ ಇದಕ್ಕೆ ದುಡ್ಡು ಕಟ್ಟಬೇಡಿ ಅನ್ನುತ್ತೇನೆ. ಕೆನಡಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, 1998ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಆಸ್ತಮಾ ಇದ್ದ 91 ಮಕ್ಕಳು. ಕೆಲವರಿಗೆ ನಿಜವಾದ ಬೆನ್ನುಮೂಳೆ ಚಿಕಿತ್ಸೆ, ಉಳಿದವರಿಗೆ ಸುಮ್ನೆ ಹಾಗೆ ಕಾಣುವಂತೆ ಒತ್ತಿದ್ದು. ನಾಲ್ಕು ತಿಂಗಳು ನಡೆಯಿತು, ಮಾಮೂಲಿ ಔಷಧ ಯಾರಿಗೂ ತಪ್ಪಿಸಲಿಲ್ಲ. ಮಜಾ ಏನು ಗೊತ್ತಾ? ಎರಡೂ ಗುಂಪಿಗೆ ತೊಂದರೆ ಕಡಿಮೆಯಾಯ್ತು! ನಿಜವಾದದ್ದಕ್ಕೂ ಹುಸಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಆ ಹುಸಿ ಗುಂಪು ಇಲ್ಲದಿದ್ದರೆ 'ಗುಣ ಆಯ್ತು' ಅಂತ ಬೋರ್ಡೇ ಹಾಕಿಬಿಡುತ್ತಿದ್ದರು. ಆಸ್ತಮಾ ಏರುತ್ತೆ, ಇಳಿಯುತ್ತೆ. ಮೂರನೇ ಮಹಡಿಯ ಹುಡುಗಿಗೆ ಶುರು ಮಾಡಿದ್ದು ಮಳೆ ಮುಗಿಯುವ ಹೊತ್ತಿಗಾ, ವಿಚಾರಿಸಿ ನೋಡಿ.

ಮಾಟುಂಗಾ ಮಾವ:
ಎಲ್ಲದಕ್ಕೂ ಪೇಪರ್ ಬೇಕು ಅಂದರೆ ಹೇಗಪ್ಪಾ? ಔಷಧಿಯಲ್ಲ, ಗುಳಿಗೆಯಲ್ಲ. ಮಾಡಿಸಿದರೆ ನಷ್ಟ ಏನು?

ಕೊತ್ರೂಡ್ ಫಿಸಿಯೋ:
ನಷ್ಟ ಇರೋದು 'ಪಂಪೇ ಬೇಡ' ಅನ್ನೋ ಮಾತಿನಲ್ಲಿ, ಮಾವ. ದಿನಾ ಕೊಡುವ ಪಂಪ್ ಸಾಮಾನ್ಯವಾಗಿ ಶ್ವಾಸನಾಳದ ಊತ ಹಿಡಿದಿಡುವ ಸ್ಟೀರಾಯ್ಡ್. ಮಗು ಆರಾಮಾಗಿದೆ ಅಂತ ಬಿಟ್ಟರೆ ಊತ ಸದ್ದಿಲ್ಲದೆ ಮರಳುತ್ತೆ. ಆಮೇಲೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತೆ.

ಔಷಧಿಯಿಲ್ಲದ್ದನ್ನೂ ಪರೀಕ್ಷೆ ಮಾಡಬಹುದು. ಶ್ವಾಸಕೋಶ ತೀರಾ ಹದಗೆಟ್ಟು ವೆಂಟಿಲೇಟರ್ ಮೇಲಿದ್ದವರನ್ನು ದಿನಕ್ಕೆ ಹಲವು ಗಂಟೆ ಬೋರಲು ಮಲಗಿಸಿ ನೋಡಿದರು, ಹೆಚ್ಚಾಗಿ ಫ್ರಾನ್ಸಿನಲ್ಲಿ. 2013ರಲ್ಲಿ ಫಲಿತಾಂಶ ಬಂತು. 466 ರೋಗಿಗಳು. 28 ದಿನದೊಳಗೆ ತೀರಿಕೊಂಡವರು ಬೋರಲು ಮಲಗಿಸಿದವರಲ್ಲಿ ಶೇ 16, ಉಳಿದವರಲ್ಲಿ ಸುಮಾರು ಶೇ 33. ಬರೀ ಮಗ್ಗುಲು ಬದಲಿಸಿದ್ದು! ಇಂಥದ್ದು ತೋರಿಸಿದರೆ ನಾನೇ ಮೊದಲು ಕಲಿಯುತ್ತೇನೆ.

ಡೊಂಬಿವಲಿ ಅಮ್ಮ:
ಇವತ್ತು ಅವರಿಗೆ ಫೋನ್ ಮಾಡಿದೆ. ಪಂಪ್ ನಿಲ್ಲಿಸದೆ ಮಾಡುತ್ತೀರಾ ಅಂತ ಕೇಳಿದೆ. 'ಹಾಗಾದರೆ ಗುಣ ಆಗಿದ್ದು ಯಾವುದರಿಂದ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?' ಅಂದರು. ಅದನ್ನೇ ಸ್ವಾಮಿ ನಾನೂ ಕೇಳುತ್ತಿರೋದು ಅಂದೆ. ಅತ್ತೆ ಪಕ್ಕದಲ್ಲೇ ಇದ್ದರು, ಸ್ಪೀಕರ್ ಆನ್ ಇತ್ತು.